ಗೇಟ್ ಚೀಟಿ

ಲೊರೆಶೋ, ನೈರೋಬಿ
೪ ಸೆಪ್ಟೆಂಬರ್ ೨೦೦೫

ಅತ್ತೆಗೆ ಜಾಹ್ನವಿಯ ನಮಸ್ಕಾರ.

ಮೊದಲು ‘ಮಿಸ್’ ಎಂದು ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡೆ. ನೀವು ವಾರ್ಡನ್ ಆಗಿರುವ ಹಾಸ್ಟೆಲಿನಲ್ಲಿ ಏಳನೇ ವಯಸ್ಸಿನಿಂದ ಬೆಳೆದವಳಿಗೆ ನೀವು ಅಪ್ಪನ ಅಕ್ಕ ಎನ್ನುವುದು ಈಗೀಗ ಅಭ್ಯಾಸವಾಗುತ್ತಿದೆ. ಅದೂ ಇಲ್ಲಿನ ಅಡಿಗೆಮನೆಯಲ್ಲಿ. ಅಪ್ಪ ಆಫ್ರಿಕಾಕ್ಕೆ ಹೊರಟಾಗ ನೀವು ಕೊಟ್ಟ ಸ್ಟೀಲ್ ಡಬ್ಬಿಗಳು ಇನ್ನೂ ಇವೆ. ಎಲ್ಲದರ ಮೇಲೂ ‘ರುಕ್ಮಿಣಿ, ತುಮಕೂರು’ ಎಂದು ಕೆತ್ತಿಸಿದ್ದೀರಿ. ಸಕ್ಕರೆ ತೆಗೆದುಕೊಳ್ಳುವಾಗಲೂ ನೀವು ನೋಡುತ್ತಿದ್ದೀರಿ ಅನ್ನಿಸುತ್ತದೆ.

ಕ್ಷೇಮ, ಹವೆ, ಊಟ ಈ ಮೂರನ್ನು ಮೊದಲು ಬರೆಯಬೇಕೆಂದು ಕಲಿಸಿದ್ದೀರಿ. ಕ್ಷೇಮ. ಬೆಳಿಗ್ಗೆ ಸ್ವೆಟರ್ ಬೇಕು. ಸಾರು ಅಪ್ಪನದು, ಚಪಾತಿ ಮರ್ಸಿಯದು. ಮರ್ಸಿ ಮನೆಗೆಲಸಕ್ಕೆ ಬರುವಾಕೆ, ಸಂಜೆ ಹೋಗುತ್ತಾಳೆ. ಹೋಗುವಾಗ ಗೇಟಿನಲ್ಲಿ ಆಲ್ಫ್ರೆಡ್ ಅವಳ ಚೀಲ ನೋಡುತ್ತಾನೆ. ಅವನು ಅಸ್ಕಾರಿ, ಅಂದರೆ ಕಾವಲಿನವನು. ಮನೆಯಿಂದ ಏನು ಆಚೆ ಹೋಗಬೇಕಾದರೂ ಚೀಟಿ ಬೇಕು, ಅದರ ಮೇಲೆ ಅಪ್ಪನದೋ ನನ್ನದೋ ಸಹಿ ಬೇಕು. ನಿನ್ನೆಯ ಬ್ರೆಡ್ಡಿಗೂ ಅಷ್ಟೇ. ಅಪ್ಪ ಮ್ಯಾನೇಜರ್ ಆಗಿರುವ ಔಷಧಿ ಫ್ಯಾಕ್ಟರಿಯಲ್ಲೂ ಇದೇ ಕ್ರಮ, ಈ ಬೀದಿಯ ಮನೆಗಳಲ್ಲೂ ಇದೇ.

ಕಾಲೇಜಿನಲ್ಲಿ ಭಯ ಇನ್ನೂ ಹೋಗಿಲ್ಲ. ಹಾಜರಿ ಕರೆದಾಗ ಹಾಸ್ಟೆಲಿನ ಹಾಗೆ ಎದ್ದು ನಿಲ್ಲುತ್ತೇನೆ, ಎಲ್ಲರೂ ನಗುತ್ತಾರೆ. ಲಾ ಮೊದಲ ವರ್ಷದಲ್ಲಿ ಅಮೆರಿಕದ ಸಂವಿಧಾನ ಯಾಕೆ ಎಂದು ನೀವು ಕೇಳಬಹುದು. ಈ ದೇಶದಲ್ಲಿ ಹೊಸ ಸಂವಿಧಾನದ ಕರಡು ತಯಾರಾಗಿದೆ, ನವೆಂಬರಿನಲ್ಲಿ ಜನ ಅದಕ್ಕೆ ಓಟು ಹಾಕಬೇಕು. ಹೌದು ಅನ್ನುವವರಿಗೆ ಬಾಳೆಹಣ್ಣಿನ ಗುರುತು, ಬೇಡ ಅನ್ನುವವರಿಗೆ ಕಿತ್ತಳೆ. ಮಟಾಟು ಎನ್ನುವ ಬಾಡಿಗೆ ವ್ಯಾನಿನಲ್ಲಿ, ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಅದಕ್ಕೆ ನಮ್ಮ ಲೆಕ್ಚರರ್, ಸಂವಿಧಾನ ಬರೆದು ಇಟ್ಟವರಲ್ಲಿ ಮೊದಲಿನವರನ್ನು ನೋಡೋಣ ಎಂದು ಒಂದು ಆಟ ಕಟ್ಟಿದ್ದಾರೆ. ನಾವೆಲ್ಲ ೧೭೮೭ರ ಫಿಲಡೆಲ್ಫಿಯಾದಲ್ಲಿ ಕೂತ ಪ್ರತಿನಿಧಿಗಳು. ನಾಲ್ಕು ನಾಲ್ಕು ಜನಕ್ಕೆ ಒಂದೊಂದು ರಾಜ್ಯ. ನಮ್ಮದು ವರ್ಜೀನಿಯಾ.

ನನ್ನ ಜೊತೆ ಇರುವವರು ವಂಜಿರು, ವಿನ್ಸೆಂಟ್, ಮತ್ತೆ ಕಿಲಿಮಾನಿಯ ಕಿಶನ್. ಕಿಶನ್ ನಮ್ಮ ಕಡೆಯವನೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನ್ನ ಅಮ್ಮ ಇಂಗ್ಲೆಂಡಿನವಳು ಎಂದು ಗೊತ್ತಾದ ದಿನವೇ ವಿನ್ಸೆಂಟ್ ನನ್ನನ್ನು ‘ಪಾಯಿಂಟ್ ಫೈವ್’ ಎಂದ. ಇಲ್ಲಿ ಅರ್ಧಂಬರ್ಧದವರಿಗೆ ಹಾಗೆ ಅನ್ನುತ್ತಾರೆ. ಆಮೇಲೆ ಅವನೇ ಪುಸ್ತಕ ತೆಗೆದು, ಅಮೆರಿಕದವರು ತಲೆ ಎಣಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಹಿಡಿದದ್ದನ್ನು ತೋರಿಸಿ, “ನೋಡು, ನಾನು ಪಾಯಿಂಟ್ ಸಿಕ್ಸ್. ನಿನಗಿಂತ ಪಾಯಿಂಟ್ ವನ್ ಜಾಸ್ತಿನೇ. ಎದ್ದು ನಿಲ್ಲು” ಅಂದ. ಅಭ್ಯಾಸ ನೋಡಿ, ನಾನು ನಿಜವಾಗಿ ಎದ್ದುಬಿಟ್ಟಿದ್ದೆ. ಇಲ್ಲಿ ಬಂದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ.

ಕೊನೆಯ ದಿನ ಮೂಲಭೂತ ಹಕ್ಕುಗಳ ಮೇಲೆ ಚರ್ಚೆ. ನನ್ನ ಪಾಲಿಗೆ ಬಂದದ್ದು ನಾಲ್ಕನೆಯದು. ಜನರ ಮೈ, ಮನೆ, ಕಾಗದ, ಸಾಮಾನು ಇವನ್ನು ಕಾರಣವಿಲ್ಲದೆ ಯಾರೂ ಶೋಧಿಸಬಾರದು ಎನ್ನುವ ಹಕ್ಕು. ೨೪ನೇ ತಾರೀಕು ಅದರ ತಯಾರಿಗೆ ಮೂವರೂ ನಮ್ಮ ಮನೆಗೆ ಬರುತ್ತಾರೆ. ನನ್ನ ಮನೆಗೆ ನನ್ನ ಸ್ನೇಹಿತರು ಎಂದು ಬರುತ್ತಿರುವುದು ಇದೇ ಮೊದಲು. ಏನು ಮಾಡಿ ಹಾಕಲಿ?

ನಿಮ್ಮ,
ಜಾಹ್ನವಿ


ತುಮಕೂರು
೧೪ ಸೆಪ್ಟೆಂಬರ್ ೨೦೦೫

ಚಿ. ಜಾಹ್ನವಿಗೆ ಆಶೀರ್ವಾದ.

ಕಾಗದ ತಲುಪಿತು. ಕ್ಷೇಮ, ಹವೆ, ಊಟ ಮೂರನ್ನೂ ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಇರಲಿ.

ಕೋಡುಬಳೆ ಮಾಡು. ನಿನಗೆ ಹೊಸೆಯಲು ಬರುತ್ತದೆ, ಗೌರಿ ಹಬ್ಬದಲ್ಲಿ ಅಡಿಗೆಯವರ ಪಕ್ಕ ಕೂತು ಹೊಸೆದಿದ್ದೀಯ. ಎಣ್ಣೆ ಕಾದ ಮೇಲೆ ಉರಿ ತಗ್ಗಿಸು, ಇಲ್ಲದಿದ್ದರೆ ಒಳಗೆ ಮೆತ್ತಗೆ ಉಳಿಯುತ್ತದೆ. ಬಂದವರನ್ನು ಬರಿಗೈಯಲ್ಲಿ ಕಳಿಸಬೇಡ. ಮನೆಯವರಿಗೆಂದು ಡಬ್ಬಿಯಲ್ಲಿ ಹಾಕಿಕೊಡು. ಕಾಗದದಲ್ಲಿ ಸುತ್ತಿ ಕೊಡಬೇಡ, ಅದು ಅಂಗಡಿಯವರ ಪದ್ಧತಿ. ಡಬ್ಬಿ ಕೊಟ್ಟರೆ ಅದನ್ನು ತಿರುಗಿ ಕೊಡಲಿಕ್ಕಾದರೂ ಅವರು ಮತ್ತೆ ಬರುತ್ತಾರೆ. ನಮ್ಮಲ್ಲಿ ಸ್ನೇಹ ಬೆಳೆದದ್ದೆಲ್ಲ ಹಾಗೆಯೇ.

ಈ ಸಲ ಹಾಸ್ಟೆಲಿಗೆ ಹೊಸ ಮಕ್ಕಳು ಹೆಚ್ಚು. ಶನಿವಾರದ ಟ್ರಂಕ್ ತಪಾಸಣೆಗೆ ಮಧ್ಯಾಹ್ನವೆಲ್ಲ ಹಿಡಿಯುತ್ತದೆ. ನಿನ್ನ ಅಮೆರಿಕದವರು ಹಾಸ್ಟೆಲ್ ನಡೆಸಿದವರಲ್ಲ ಎಂದು ಕಾಣುತ್ತದೆ.

ಇತಿ,
ರುಕ್ಮಿಣಿ


ಲೊರೆಶೋ, ನೈರೋಬಿ
೨೯ ಸೆಪ್ಟೆಂಬರ್ ೨೦೦೫

ಅತ್ತೆಗೆ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಹವೆ ಚೆನ್ನಾಗಿದೆ. ಜಕರಂಡಾ ಮರಗಳು ಹೂ ಬಿಡುತ್ತಿವೆ, ನಮ್ಮ ಬೀದಿಯಲ್ಲಿ ನೆಲವೂ ನೇರಳೆ ಬಣ್ಣ. ಊಟಕ್ಕೆ ನಿನ್ನೆ ಹುರುಳಿಕಾಯಿ ಪಲ್ಯ, ಮೊನ್ನೆ ಬಸ್ಸಾರು. ಹೊಸ ಸೊಪ್ಪು ಒಂದು ಸಿಕ್ಕುತ್ತದೆ, ಸುಕುಮ ಎಂದು, ಅದರಲ್ಲಿ ಬಸ್ಸಾರು ಚೆನ್ನಾಗಿ ಬರುತ್ತದೆ.

ಕೋಡುಬಳೆ ಚೆನ್ನಾಗಿ ಆಗಿತ್ತು. ಕಿಶನ್ ತುಂಬಾ ತಿಂದ. ಸಭೆ ಚೆನ್ನಾಗಿ ನಡೆಯಿತು. ಫಿಲಡೆಲ್ಫಿಯಾದಲ್ಲಿ ಒಳಗಿನ ಮಾತು ಆಚೆ ಹೋಗಬಾರದೆಂದು ಬೇಸಗೆಯಲ್ಲೂ ಕಿಟಕಿ ಮುಚ್ಚಿ, ಬಾಗಿಲಿಗೆ ಕಾವಲು ಹಾಕಿದ್ದರಂತೆ. ನಾವೂ ಕಿಟಕಿ ಮುಚ್ಚಿಕೊಂಡೇ ಕೂತೆವು.

ಗೇಟಿಗೆ ಹೊಸ ಅಸ್ಕಾರಿ ಬಂದಿದ್ದಾನೆ.

ಒಂದು ವಿಷಯ ಕೇಳಬೇಕಿತ್ತು. ಸುಮ್ಮನೆ ನೆನಪಾಯಿತು. ಟ್ರಂಕ್ ತಪಾಸಣೆಯಲ್ಲಿ ನೀವು ಯಾವಾಗಲೂ ನನ್ನದನ್ನೇ ಮೊದಲು ತೆಗೆಯುತ್ತಿದ್ದಿರಲ್ಲ, ಯಾಕೆ?

ನಿಮ್ಮ,
ಜಾಹ್ನವಿ


ತುಮಕೂರು
೧೨ ಅಕ್ಟೋಬರ್ ೨೦೦೫

ಚಿ. ಜಾಹ್ನವಿಗೆ ಆಶೀರ್ವಾದ.

ಕ್ಷೇಮ, ಹವೆ, ಊಟ ಇಷ್ಟು ವಿಸ್ತಾರವಾಗಿ ನೀನು ಬರೆದದ್ದು ಹಿಂದೆ ಒಂದು ಸಲ. ಸ್ನಾನದ ಮನೆಯ ಕಿಟಕಿ ಗಾಜು ಒಡೆದ ವಾರ, ಅಪ್ಪನಿಗೆ ಬರೆದ ಕಾಗದದಲ್ಲಿ. ಆಗಲೂ ಅಕ್ಷರ ಹೀಗೇ ಮುತ್ತಿನಂತಿತ್ತು.

ಕೇಳಿದ್ದಕ್ಕೆ ಉತ್ತರ. ನೀನು ವಾರ್ಡನ್ನಿನ ಸೋದರ ಸೊಸೆ. ನಿನ್ನ ಟ್ರಂಕು ಬಿಟ್ಟು ಬೇರೆಯವರದು ತೆಗೆದರೆ ಆ ಮಕ್ಕಳು ನನ್ನ ಮುಖ ನೋಡುತ್ತಿದ್ದರೇ? ನಿನ್ನದು ಮೊದಲು ತೆಗೆದೆ, ಎಲ್ಲರೆದುರಿಗೆ ತೆಗೆದೆ. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರಿಗೂ ಒಂದೇ ನಿಯಮ ಆದರೆ ಅದರಲ್ಲಿ ಅವಮಾನ ಇಲ್ಲ. ನನಗೆ ತಿಳಿದ ಸಂವಿಧಾನ ಅಷ್ಟೇ.

ಕಿಶನ್ ತುಂಬಾ ತಿಂದ ಎಂದು ಬರೆದಿದ್ದೀಯ. ಉಳಿದಿಬ್ಬರು ತಿನ್ನಲಿಲ್ಲವೇ? ಡಬ್ಬಿ ಯಾರಿಗೆ ಕೊಟ್ಟೆ? ಹಳೆಯ ಅಸ್ಕಾರಿ ಎಲ್ಲಿಗೆ ಹೋದ?

ಇನ್ನೊಂದು ಸಲ ಬರೆ. ಈ ಸಲ ಹವೆ ಬೇಡ.

ಇತಿ,
ರುಕ್ಮಿಣಿ


ಲೊರೆಶೋ, ನೈರೋಬಿ
೨೬ ಅಕ್ಟೋಬರ್ ೨೦೦೫

ಅತ್ತೆ,

ಡಬ್ಬಿ ವಿನ್ಸೆಂಟಿಗೆ ಕೊಟ್ಟೆ. ಅದರಿಂದಲೇ ಎಲ್ಲ.

ಅವತ್ತು ಮಧ್ಯಾಹ್ನ ತುಂಬ ಚೆನ್ನಾಗಿತ್ತು, ಅದು ಸುಳ್ಳಲ್ಲ. ವರ್ಜೀನಿಯಾದ ಒಬ್ಬ ಮುದುಕ, ಹಕ್ಕುಗಳ ಪಟ್ಟಿ ಇಲ್ಲದ ಸಂವಿಧಾನಕ್ಕೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದು ಕೂತಿದ್ದನಂತೆ. ಆ ಪಾತ್ರ ನನ್ನದು. ನಾನು ಸೋಫಾದ ಮೇಲೆ ನಿಂತು ಭಾಷಣ ಮಾಡಿದೆ. “ಬಡವನ ಗುಡಿಸಲಾದರೂ ರಾಜನ ಆಳು ಹೊಸಿಲು ದಾಟಬಾರದು” ಎಂದೆಲ್ಲ. ವಂಜಿರು ಚಪ್ಪಾಳೆ ತಟ್ಟಿದಳು. ವಿನ್ಸೆಂಟ್, “ಆ ಮುದುಕನ ಮನೇಲಿ ಗುಲಾಮರು ಇದ್ರು ಕಣೇ, ಅವರ ಹೊಸಿಲು ಎಲ್ಲಿತ್ತಂತೆ?” ಎಂದು ಕೇಳಿದ. “ಅದು ಮುಂದಿನ ಕ್ಲಾಸು” ಅಂದೆ. ಎಲ್ಲರೂ ನಕ್ಕೆವು.

ಹೊರಟರು. ನೀವು ಹೇಳಿದ ಹಾಗೆ ಕೋಡುಬಳೆ ಡಬ್ಬಿ ತುಂಬಿ, ವಿನ್ಸೆಂಟಿನ ತಾಯಿಗೆ ಎಂದು ನಾನೇ ಅವನ ಬ್ಯಾಗಿಗೆ ಹಾಕಿದೆ. ಕಿಶನನ್ನು ಕರೆಯಲು ಅವರ ಕಾರು ಬಂತು. ಆಲ್ಫ್ರೆಡ್ ಗೇಟು ತೆಗೆದು ಸಲ್ಯೂಟ್ ಹೊಡೆದರು, ಕಾರು ಹೋಯಿತು. ವಂಜಿರು, ವಿನ್ಸೆಂಟ್ ಮಟಾಟು ಹಿಡಿಯಬೇಕು, ನಡೆದು ಹೊರಟಿದ್ದರು. ಅವರನ್ನು ಆಲ್ಫ್ರೆಡ್ ನಿಲ್ಲಿಸಿದರು. ಒರಟಾಗಿ ಅಲ್ಲ. “ಪೋಲೆ” ಅಂದರು, ಬೇಜಾರು ಮಾಡಿಕೊಳ್ಳಬೇಡಿ ಎನ್ನುವ ಹಾಗೆ. ನಾನು ವರಾಂಡದಲ್ಲಿ ನಿಂತು ಕೈ ಬೀಸುತ್ತಿದ್ದೆ. ಬೀಸುತ್ತಿದ್ದ ಕೈ ಹಾಗೇ ನಿಂತಿತು.

ವಿನ್ಸೆಂಟ್ ಮೊದಲು ತಮಾಷೆ ಎಂದುಕೊಂಡ. “ಫಿಲಡೆಲ್ಫಿಯಾದ ಕಾವಲುಗಾರ” ಅಂದ. ವಂಜಿರುವಿನ ಚೀಲದಲ್ಲಿದ್ದದ್ದು ಒಂದೊಂದೇ ಗೇಟಿನ ಪಕ್ಕದ ಗೋಡೆಯ ಮೇಲೆ ಬಂತು. ಪುಸ್ತಕ, ಬಾಚಣಿಗೆ, ಹೆಂಗಸರು ಯಾರಿಗೂ ತೋರಿಸದ ಒಂದು ಪ್ಯಾಕೆಟ್ಟು. ಆಮೇಲೆ ವಿನ್ಸೆಂಟಿನ ಬ್ಯಾಗು, ಅದರಲ್ಲಿ ಡಬ್ಬಿ. ಆಲ್ಫ್ರೆಡ್ ಅದನ್ನು ತಿರುಗಿಸಿ ನೋಡಿದರು. ಮೇಲೆ ಹೆಸರು. ಕನ್ನಡ ಓದಲು ಬರದಿದ್ದರೂ ಈ ಮನೆಯ ಪಾತ್ರೆಗಳ ಮೇಲಿರುವ ಅಕ್ಷರ ಎಂದು ಅವರಿಗೆ ಗೊತ್ತು. ಅವರು ವರಾಂಡದ ಕಡೆ ತಲೆ ಎತ್ತಿ ಕೂಗಿದರು: “ಮೆಮ್‌ಸಾಬ್, ಚೀಟಿ?”

ನಾನು ಕೊಟ್ಟದ್ದು ಅನ್ನಬೇಕಿತ್ತು. ಅಷ್ಟೇ ಅತ್ತೆ. ಎರಡು ಪದ.

ಒಳಗೆ ಹೋದೆ. ಫೋನ್ ಬಂದವಳ ಹಾಗೆ ಸರಸರ ಹೋದೆ. ಫೋನ್ ಬಂದಿರಲಿಲ್ಲ. ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ, ಆಚೆಯದು ಕೇಳಬಾರದು ಎಂದು. ಅಪ್ಪ ಬೈಯುತ್ತಾರೆಂದು ಹೆದರಿ ಅಲ್ಲ. ನಾನು ಮೆಟ್ಟಿಲಿಳಿದು ಹೋದರೆ ಆ ಗೇಟು ನನ್ನದು ಎಂದು ಅವರಿಬ್ಬರಿಗೂ ಗೊತ್ತಾಗುತ್ತಿತ್ತು. ಗೊತ್ತಾಗಬಾರದು ಅನ್ನಿಸಿತು. ಅವರು ಅದರೊಳಗೆ ನಿಂತಿದ್ದಾಗಲೇ ಹಾಗನ್ನಿಸಿತು, ನೋಡಿ.

ಆಚೆ ಬಂದಾಗ ಗೇಟು ಮುಚ್ಚಿತ್ತು. ಡಬ್ಬಿ ಗೋಡೆಯ ಮೇಲಿತ್ತು, ಕೋಡುಬಳೆ ಹಾಗೇ.

ಇಷ್ಟೇ ಆಗಿದ್ದರೆ ಹೇಗೋ. ಅಪ್ಪ ಬಂದವರು, “ಡಬ್ಬಿ ಯಾಕೆ ಗೇಟಲ್ಲಿದೆ?” ಅಂದರು. ನಾನು, “ಆಲ್ಫ್ರೆಡ್ ನನ್ನ ಫ್ರೆಂಡ್ಸ್ ಬ್ಯಾಗ್ ಚೆಕ್ ಮಾಡಿದ್ರು” ಅಂದೆ.

“ಯಾರು ಹೇಳಿದ್ರು ಅವನಿಗೆ? ಗೆಸ್ಟ್ ಯಾರು, ಸ್ಟಾಫ್ ಯಾರು ಅಂತ ಗೊತ್ತಾಗಲ್ವಾ?”

ಹೇಗೆ ಗೊತ್ತಾಗಬೇಕು ಎಂದು ಅಪ್ಪನನ್ನು ಕೇಳಬೇಕಿತ್ತು. ಇವರು ನಡೆದು ಹೋಗುತ್ತಿದ್ದರು, ಕಪ್ಪಗಿದ್ದರು, ಅಷ್ಟು ನೋಡಿ ಚೆಕ್ ಮಾಡು ಎಂದು ನಾವೇ ಕಲಿಸಿದ್ದಲ್ಲವೇ? ನನ್ನನ್ನು ಕೂಗಿ ಕೇಳಿದರು ಎಂದೂ ಹೇಳಬೇಕಿತ್ತು. “ಗೊತ್ತಿಲ್ಲ ಅಪ್ಪ” ಅಂದೆ. ಅಪ್ಪ ಆಗಲೇ ಸೆಕ್ಯುರಿಟಿ ಕಂಪನಿಗೆ ಫೋನ್ ಮಾಡಿದರು. ಸೋಮವಾರ ಹೊಸಬ ಬಂದ. “ಆಯ್ತಲ್ಲ ಪುಟ್ಟಿ, ಈಗ ಖುಷಿನಾ?” ಅಂದರು. ನನಗೋಸ್ಕರ ಅಪ್ಪ ಯಾರ ಮೇಲಾದರೂ ಸಿಟ್ಟು ಮಾಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಥ್ಯಾಂಕ್ಸ್ ಅಂದೆ.

ಕ್ಯಾಂಟೀನಿನಲ್ಲಿ ವಿನ್ಸೆಂಟನ್ನು ಹಿಡಿದು ಸಾರಿ ಕೇಳಲು ಹೋದೆ. ಅವನು ಟೀ ಕಲಕುತ್ತಿದ್ದ. “ನನಗ್ಯಾಕೆ ಹೇಳ್ತೀಯ? ಗೇಟಿಗೆ ಹೇಳು” ಅಂದ. ಆ ಅಸ್ಕಾರಿಯನ್ನು ತೆಗೆದುಹಾಕಿದ್ದಾರೆ ಅಂದೆ, ಸಮಾಧಾನವಾಗಲಿ ಎಂದು. ಅವನು ಚಮಚ ಕೆಳಗಿಟ್ಟ. “ಸವಾ” ಅಂದ, ಸರಿ ಎನ್ನುವ ಹಾಗೆ. “ಅಂದ್ರೆ ನಿಮ್ಮ ಗೇಟಿಂದ ಆಚೆ ಹೋದೋರು ಈಗ ಮೂರು ಜನ ಆದ್ವಿ.”

ಪಾಯಿಂಟ್ ಫೈವ್ ಎಂದು ಈಗ ಕರೆಯುವುದಿಲ್ಲ. ಜಾಹ್ನವಿ ಅನ್ನುತ್ತಾನೆ, ಸರಿಯಾದ ಉಚ್ಚಾರದಲ್ಲಿ.

ಆಲ್ಫ್ರೆಡ್‌ಗೆ ಬೇರೆ ಕಡೆ ಕೆಲಸ ಸಿಕ್ಕಿಲ್ಲವಂತೆ. ಮರ್ಸಿ ಹೇಳಿದಳು, ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ.

ಏನು ಮಾಡಲಿ?

ಜಾಹ್ನವಿ


ತುಮಕೂರು
೭ ನವೆಂಬರ್ ೨೦೦೫

ಜಾಹ್ನವಿ,

ಕಾಗದ ಎರಡು ಸಲ ಓದಿದೆ. ದತ್ತಾತ್ರೇಯ ನನ್ನ ತಮ್ಮ, ನಾನು ಒಂದು ಕಾಗದ ಬರೆದರೆ ಮಾರನೆಯ ದಿನವೇ ಆ ಆಲ್ಫ್ರೆಡ್‌ನನ್ನು ಕರೆಸುತ್ತಾನೆ. ಬರೆಯುವುದಿಲ್ಲ. ಅವನಿಗೆ ಅರ್ಧ ಹೇಳಿದವಳು ನೀನು. ಉಳಿದರ್ಧ ನನ್ನ ಬಾಯಿಂದ ಹೋದರೆ ನೀನು ಮತ್ತೊಂದು ಸಲ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡ ಹಾಗೆ.

ಇಷ್ಟು ವಿವರವಾಗಿ ನನಗೆ ಬರೆದೆ. ಅತ್ತುಕೊಂಡೇ ಬರೆದಿದ್ದೀಯ, ಶಾಯಿ ನೋಡಿದರೆ ತಿಳಿಯುತ್ತದೆ. ಬರೆದ ಮೇಲೆ ಸ್ವಲ್ಪ ಹಗುರಾಗಿರಬೇಕು. ಅದೇ ಸರಿಯಲ್ಲ. ನಾನು ಸಾವಿರಾರು ಮೈಲಿ ದೂರದಲ್ಲಿದ್ದೇನೆ, ನನಗೆ ಹೇಳುವುದಕ್ಕೆ ಖರ್ಚಿಲ್ಲ. ಅಪ್ಪನಿಗೆ ಹೇಳು. ಎದುರಿಗೆ ಕೂತು ಹೇಳು. ಅವನು ಕಾಫಿ ಕುಡಿಯುವಾಗ ಹೇಳು, ಚಿಕ್ಕಂದಿನಿಂದಲೂ ಆಗ ಮಾತ್ರ ಅವನ ಕಿವಿ ತೆರೆದಿರುತ್ತದೆ.

ಗೇಟಿನಲ್ಲಿ ಎಲ್ಲರ ಚೀಲವನ್ನೂ ನೋಡಿದ್ದರೆ, ಕಿಶನನದು, ನಿನ್ನದು ಸೇರಿಸಿ ನೋಡಿದ್ದರೆ, ಯಾರಿಗೂ ಬೇಸರವಿರುತ್ತಿರಲಿಲ್ಲ. ತಪ್ಪಾದದ್ದು ಅಲ್ಲಿ. ನಾನು ಅಂದದ್ದು ಇದನ್ನೇ.

ಡಬ್ಬಿಯ ಮೇಲೆ ನನ್ನ ಹೆಸರಿದ್ದದ್ದರಿಂದ ಆ ಹುಡುಗ ಕಳ್ಳನ ಹಾಗೆ ನಿಲ್ಲಬೇಕಾಯಿತು ಎನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ.

ರುಕ್ಮಿಣಿ


ಲೊರೆಶೋ, ನೈರೋಬಿ
೪ ಡಿಸೆಂಬರ್ ೨೦೦೫

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಬರುವ ಮೊದಲೇ ಕಾಲೇಜಿನ ಸಭೆ ಆಗಿಹೋಯಿತು. ನಾಲ್ಕನೆಯ ಹಕ್ಕು ಮಂಡಿಸಲು ನನ್ನ ಹೆಸರು ಕರೆದರು. ಎದ್ದೆ. ಬರೆದದ್ದು ಕೈಯಲ್ಲೇ ಇತ್ತು, ಸೋಫಾ ಮೇಲೆ ನಿಂತು ಹೇಳಿದ ಅದೇ ಮಾತು. ಒಂದು ಸಾಲೂ ಓದಲಾಗಲಿಲ್ಲ. ಕೂತುಬಿಟ್ಟೆ. ಆಗ ವಿನ್ಸೆಂಟ್ ಎದ್ದು, “ವರ್ಜೀನಿಯಾದ ಪರವಾಗಿ ನಾನು ಮಂಡಿಸ್ತೀನಿ” ಅಂದ. “ಒಂದು ಒಳ್ಳೆ ಬಡಾವಣೆ, ಒಂದು ಒಳ್ಳೆ ಮನೆ. ಒಳಗೆ ಕೂತು ನಾಲ್ಕು ಜನ ಹಕ್ಕುಗಳನ್ನ ಬರೀತಿದ್ರು...” ಎಂದು ಶುರು ಮಾಡಿದ. ನಡೆದದ್ದನ್ನೆಲ್ಲ ಹೇಳಿದ. ಲೆಕ್ಚರರ್, “ಯಾರ ಮನೆ ಇದು?” ಎಂದರು. “ಸಭೆಯ ಮಾತು ಗುಟ್ಟಾಗಿ ಇರಬೇಕು ಅಂತ ರೂಲ್ ಇದೆಯಲ್ಲ ಸರ್” ಅಂದ. ಕ್ಲಾಸೆಲ್ಲ ನಕ್ಕಿತು. ಕಿಶನ್ ನೆಲ ನೋಡುತ್ತಿದ್ದ. ನನ್ನ ಹೆಸರು ಹೇಳಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಹಕ್ಕು ಒಂದೂ ವಿರೋಧವಿಲ್ಲದೆ ಪಾಸಾಯಿತು. ನಾನೂ ಕೈ ಎತ್ತಿದೆ.

ಅಪ್ಪನಿಗೆ ಹೇಳಿದ್ದು ಓಟಿನ ದಿನ. ಫ್ಯಾಕ್ಟರಿಗೆ ರಜೆ. ಕಾಫಿ ಕೈಯಲ್ಲಿದ್ದಾಗಲೇ ಹೇಳಿದೆ. ಡಬ್ಬಿ ನಾನೇ ಕೊಟ್ಟದ್ದು, ಆಲ್ಫ್ರೆಡ್ ಕೂಗಿ ಕೇಳಿದ್ದು, ನಾನು ಒಳಗೆ ಹೋದದ್ದು.

ಅಪ್ಪ ಲೋಟ ಮೇಜಿನ ಮೇಲಿಟ್ಟರು. ಆಮೇಲೆ, “ಅವನು ನಾನು ಹೇಳಿದ್ದನ್ನೇ ಮಾಡ್ದ. ಅವನನ್ನೇ ಕಳಿಸಿಬಿಟ್ಟೆ” ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ರೂಲ್ ತೆಗೆದುಬಿಡಿ ಅಪ್ಪ.”

“ನಾವಿಲ್ಲಿ ಗೆಸ್ಟ್ ಕಣಮ್ಮ. ಓಟಿಲ್ಲ, ಏನಿಲ್ಲ. ಇವರ ಹಕ್ಕು ಇವರು ಬರ್ಕೋತಾರೆ. ನಮ್ಮ ಸೇಫ್ಟಿ ನಾವು ನೋಡ್ಕೋಬೇಕು.”

“ಗೆಸ್ಟ್ ಆದೋರು ಮನೆಯೋರ ಚೀಲ ನೋಡ್ತಾರಾ?”

ಹೇಳಿದ ಮೇಲೆ ನನಗೇ ಭಯವಾಯಿತು. ಅಪ್ಪ ಲೋಟ ತಿರುಗಿಸುತ್ತ ಕೂತರು. ಕಂಪನಿಗೆ ಫೋನ್ ಮಾಡಿ, ತಪ್ಪು ನಮ್ಮದು, ಆಲ್ಫ್ರೆಡ್‌ನನ್ನೇ ಕಳಿಸಿ ಅಂದರು. ನನ್ನ ಎದುರಿಗೇ ಮಾಡಿದರು. ಆಮೇಲೆ, “ಇನ್ಮೇಲೆ ಮನೆಗೆ ಬಂದ ಗೆಸ್ಟ್ ಯಾರನ್ನೂ ಚೆಕ್ ಮಾಡಲ್ಲ. ಯಾರೇ ಆಗ್ಲಿ” ಎಂದರು. “ಮರ್ಸಿ?” ಎಂದು ಕೇಳಿದೆ. “ಸ್ಟಾಫ್ ಬೇರೆ. ಇಡೀ ಬೀದಿಯಲ್ಲಿ ಇರೋದನ್ನ ನಾನೊಬ್ಬ ಬಿಡಕ್ಕಾಗಲ್ಲ. ನಿಮ್ಮ ಅಮೆರಿಕದೋರು ಒಂದೇ ದಿನದಲ್ಲಿ ಎಲ್ಲಾ ಕೊಟ್ಟುಬಿಟ್ರಾ?”

ಇಲ್ಲ, ಕೊಡಲಿಲ್ಲ. ಸಂವಿಧಾನ ಬರೆದು ಎಷ್ಟೋ ವರ್ಷದ ಮೇಲೂ ವಿನ್ಸೆಂಟಿನಂಥವರು ಪಾಯಿಂಟ್ ಸಿಕ್ಸೇ. ಅದನ್ನು ಓದಿದ್ದೇನೆ, ಪರೀಕ್ಷೆಗೆ ಬರೆದಿದ್ದೇನೆ. ಆದರೂ ಅಪ್ಪನಿಗೆ ಸರಿ ಅಂದೆ. ಆಲ್ಫ್ರೆಡ್ ಬಂದರೆ ಸಾಕು ಅನ್ನಿಸಿತ್ತು. ಆ ಮುದುಕ ಸಹಿ ಹಾಕದೆ ಎದ್ದು ಹೋದ. ನಾನು ಹಾಕಿದೆ. ಮರ್ಸಿ ಅಲ್ಲೇ ಒಲೆ ಒರೆಸುತ್ತಿದ್ದಳು, ನಾವು ಆಡಿದ್ದು ಕನ್ನಡ. ಅಷ್ಟು ದಿನದಿಂದ ಇಲ್ಲಿರುವವಳಿಗೆ ಅವಳ ಹೆಸರು ಬಂದದ್ದು ತಿಳಿಯಲಿಲ್ಲ ಎಂದು ನಾನು ಹೇಗೆ ಹೇಳಲಿ? ಈಗ ಅವಳು ಹೊರಡುವ ಹೊತ್ತಿಗೆ ನಾನೂ ಗೇಟಿನವರೆಗೆ ಹೋಗುತ್ತೇನೆ. ಹೋಗಿ ನಿಲ್ಲುತ್ತೇನೆ, ಅಷ್ಟೇ. ಅವಳ ಮುಖ ನೋಡಿದರೆ, ನಾನು ಬರದಿದ್ದರೆ ಒಳ್ಳೆಯದಿತ್ತೇನೋ ಅನ್ನಿಸುತ್ತದೆ. ಅವಳ ಚೀಲದ ವಿಷಯ ದಿನಾ ಅಪ್ಪನನ್ನು ಕೇಳುತ್ತೇನೆ. ಅಪ್ಪ ದಿನಾ ಪೇಪರ್ ಮಡಿಸಿ ಎದ್ದುಹೋಗುತ್ತಾರೆ.

ಆಲ್ಫ್ರೆಡ್ ಬಂದಿದ್ದಾರೆ. ಮೊದಲ ದಿನ ಹೋಗಿ, ಅವತ್ತು ನೀವು ಕೂಗಿದ್ದು ಕೇಳಿಸಿತ್ತು, ಬೇಕೆಂದೇ ಒಳಗೆ ಹೋದೆ ಎಂದು ಹೇಳಿದೆ. “ಗೊತ್ತು ಮೆಮ್‌ಸಾಬ್, ಬಾಗಿಲ ಪರದೆ ಇನ್ನೂ ಅಲ್ಲಾಡ್ತಿತ್ತು” ಅಂದರು. ಅಷ್ಟೇ. ಮೊದಲು ಕಾರುಗಳಿಗೆ ಮಾತ್ರ ಸಲ್ಯೂಟ್ ಹೊಡೆಯುತ್ತಿದ್ದರು. ಈಗ ನಾನು ನಡೆದು ಹೋದರೂ ಹೊಡೆಯುತ್ತಾರೆ. ಬೇಡ ಎಂದರೆ “ಸವಾ” ಅನ್ನುತ್ತಾರೆ, ಮರುದಿನ ಮತ್ತೆ ಹೊಡೆಯುತ್ತಾರೆ.

ಡಬ್ಬಿಯಲ್ಲಿ ಹೊಸದಾಗಿ ಕೋಡುಬಳೆ ತುಂಬಿ ಕಾಲೇಜಿಗೆ ಒಯ್ದೆ. ಮನೆಗೆ ಬನ್ನಿ ಎನ್ನುವ ಧೈರ್ಯ ಬರಲಿಲ್ಲ. ವಂಜಿರು ಮುಟ್ಟಲಿಲ್ಲ. ಹಸಿವಿಲ್ಲ ಅಂದಳು. ವಿನ್ಸೆಂಟ್ ಒಂದು ತೆಗೆದುಕೊಂಡು ಬೆರಳಿಗೆ ಸಿಕ್ಕಿಸಿ ನೋಡಿದ. “ಇದು ತಿನ್ನೋದಾ, ಬೀಗ ಹಾಕೋದಾ?” ಅಂದ. ಕಡಿದ. “ಅಮ್ಮನಿಗೆ ತಗೊಂಡು ಹೋಗ್ತೀನಿ. ಚೀಟಿ ಕೊಡು.”

ಅವನು ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. ನೋಟ್‌ಬುಕ್ಕಿನಿಂದ ಹಾಳೆ ಹರಿದು, ಈ ಡಬ್ಬಿ ನಾನೇ ಕೊಟ್ಟದ್ದು ಎಂದು ಬರೆದು ಸಹಿ ಹಾಕಿದೆ. ಅವನು ಓದಿ ಮಡಿಸಿ ಜೇಬಿಗಿಟ್ಟ. “ಡಬ್ಬಿ ವಾಪಸ್ ಕೊಡೋದು ಡೌಟು, ಪಾಯಿಂಟ್ ಫೈವ್” ಅಂದ. ವಂಜಿರು ಇನ್ನೂ ಮಾತಾಡುತ್ತಿಲ್ಲ. ಅವಳ ಚೀಲದಿಂದ ಏನು ಆಚೆ ಬಂತೆಂದು ನಾನು ನೋಡಿದ್ದೇನೆ, ಅದು ಅವಳಿಗೂ ಗೊತ್ತು.

ಅತ್ತೆ, ಇನ್ನೊಂದು ಮಾತು. ಎಲ್ಲರದೂ ನೋಡಿದರೆ ಅವಮಾನವಿಲ್ಲ ಎಂದು ಎರಡು ಕಾಗದದಲ್ಲೂ ಬರೆದಿದ್ದೀರಿ. ನನ್ನ ಟ್ರಂಕಿನಲ್ಲಿ ಅಮ್ಮನ ಒಂದು ಸ್ವೆಟರ್ ಇತ್ತು, ನೀಲಿಯದು. ಅದರೊಳಗೆ ಏನಾದರೂ ಬಚ್ಚಿಟ್ಟಿದ್ದೇನೋ ಎಂದು ಪ್ರತಿ ಶನಿವಾರ ಎಲ್ಲರೆದುರಿಗೆ ಬಿಡಿಸಿ ಕೊಡವುತ್ತಿದ್ದಿರಿ. ಆಮೇಲೆ ಚೆನ್ನಾಗಿ ಮಡಿಸಿಯೂ ಇಡುತ್ತಿದ್ದಿರಿ. ಮೊದಮೊದಲು ಅದರಲ್ಲಿ ಅಮ್ಮನ ವಾಸನೆ ಇತ್ತು. ಕೊಡವಿ ಕೊಡವಿ ಹೋಯಿತು. ಆಮೇಲೆ ಬೇರೆ ಮಕ್ಕಳ ಟ್ರಂಕುಗಳನ್ನೂ ತೆಗೆದಿರಿ, ನಿಜ. ಅದರಿಂದ ನನಗೆ ಏನೂ ಕಡಿಮೆಯಾಗಲಿಲ್ಲ.

ನಿಮ್ಮನ್ನು ನೋಯಿಸಲು ಬರೆದದ್ದಲ್ಲ. ಇನ್ನು ಮುಂದೆ ಅರ್ಧ ಹೇಳಬಾರದು ಅಂದುಕೊಂಡಿದ್ದೇನೆ.

ನಿಮ್ಮ,
ಜಾಹ್ನವಿ


ತುಮಕೂರು
೧೭ ಡಿಸೆಂಬರ್ ೨೦೦೫, ಶನಿವಾರ

ಚಿ. ಜಾಹ್ನವಿಗೆ ಆಶೀರ್ವಾದ.

ಡಬ್ಬಿ ಆ ಹುಡುಗನ ಮನೆಯಲ್ಲೇ ಇರಲಿ. ಕೇಳಬೇಡ.

ಸ್ವೆಟರಿನ ವಿಷಯ ಓದಿದೆ.

ಇವತ್ತು ತಪಾಸಣೆ ಇತ್ತು. ಮಕ್ಕಳು ಟ್ರಂಕು ತೆರೆದಿಟ್ಟು ಸಾಲಾಗಿ ನಿಂತಿದ್ದರು. ಬಾಗಿಲ ಹತ್ತಿರದ ಮಂಚ ಗಗನಾ ಎಂಬ ಹುಡುಗಿಯದು, ಈ ವರ್ಷ ಬಂದದ್ದು, ಇನ್ನೂ ಸರಿಯಾಗಿ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಅವಳ ಮುಂದೆ ಕೂತೆ. ಬಟ್ಟೆಗೆ ಕೈ ಹಾಕುವ ಮೊದಲು, ನೋಡಲೇನಮ್ಮಾ, ಎಂದು ಕೇಳಿದೆ. ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

ಅವಳು ನನ್ನ ಮುಖ ನೋಡಿದಳು. ಪಕ್ಕದವಳ ಮುಖ ನೋಡಿದಳು. “ಬೇಡ ಮಿಸ್” ಎಂದಳು.

ಇಷ್ಟು ವರ್ಷದಲ್ಲಿ ನಾನು ಕೇಳಿದ್ದಿಲ್ಲ, ಯಾರೂ ಬೇಡವೆಂದದ್ದಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ. ಟ್ರಂಕಿನ ಮುಚ್ಚಳ ತೆರೆದೇ ಇತ್ತು, ಒಳಗಿರುವುದು ಕಾಣುತ್ತಿತ್ತು. ನೋಡದೆ ಇರಲು ಕಣ್ಣನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಉಳಿದ ಮಕ್ಕಳೆಲ್ಲ ಕಾಯುತ್ತಿದ್ದರು. ಕೊನೆಗೆ ಊಟದ ಗಂಟೆ ಬಾರಿಸಿತೆಂದು ಎದ್ದುಬಂದೆ. ಗಂಟೆ ಬಾರಿಸಿರಲಿಲ್ಲ.

ಬೇಡ ಎಂದ ಮೇಲೆ ಮುಂದೇನು ಮಾಡಬೇಕು ಎಂದು ನಿಮ್ಮ ಅಮೆರಿಕದವರು ಏನಾದರೂ ಬರೆದಿದ್ದಾರೆಯೇ? ಬರೆದಿದ್ದರೆ ತಿಳಿಸು. ಮುಂದಿನ ಶನಿವಾರ ಮತ್ತೆ ಆ ಬಾಗಿಲಿಗೆ ಹೋಗಬೇಕು.

ನಿನ್ನ ಅತ್ತೆ,
ರುಕ್ಮಿಣಿ